ನನ್ನ ಎಡಗಾಲಿನ ಅಳತೆ

ಲೇಡೀಸ್ ಹಾಸ್ಟೆಲ್, ಗುಲಬರ್ಗಾ
೧೨ ಆಗಸ್ಟ್ ೧೯೯೩

ಪೂಜ್ಯ ಹಣಮಂತರಾಯ ಮಾಮಾ ಅವರಿಗೆ ನೀಲಗಂಗಾಳ ನಮಸ್ಕಾರ.

ಇದನ್ನು ಬರೆಯುತ್ತಿರುವುದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಮುಟ್ಟಿನ ಮಾತನ್ನು ಸೋದರಮಾವನಿಗೆ ಬರೆಯಬಾರದು, ಗೊತ್ತು. ಎರಡು ಹಾಳೆ ಬರೆದು ಹರಿದು ಹಾಕಿದೆ. ಆದರೆ ಅದೇ ಮಾತಿಗೆ ನೀವು ಚಿತ್ರ ಬರೆಸಿ ಸರಕಾರದ ಮೊಹರು ಹಾಕಿಸಿಕೊಂಡ ಮೇಲೆ ನನಗೊಬ್ಬಳಿಗೇ ಏಕೆ ನಾಚಿಕೆ?

ಅಫಜಲಪುರದಲ್ಲಿ ಅವ್ವನ ಹೊಲಿಗೆ ಯಂತ್ರ ನಿಂತುಹೋಗಿದೆ. ಅವಳು ಹೊಲಿದು ಮಾರುತ್ತಿದ್ದ ಮುಟ್ಟಿನ ಬಟ್ಟೆ ಪ್ಯಾಡಿನ ಡಿಸೈನ್ ಈಗ ನಿಮ್ಮ ಹೆಸರಿನಲ್ಲಿ ರಿಜಿಸ್ಟರ್ ಆಗಿದೆಯಂತೆ. ಅವ್ವ ಇನ್ನೊಂದು ಹೊಲಿದರೆ ಕೇಸು ಹಾಕುತ್ತೀರಂತೆ. ನಿಮ್ಮ ನೋಟಿಸು ಓದಿದ ಪಕ್ಕದ ಮನೆಯ ಪ್ಯಾರಿಬಿ, 'ಕಸ್ತೂರಕ್ಕಾ, ನಿನ್ನ ತಮ್ಮ ನಮ್ಮ ಮೈಲಿಗಿ ಮ್ಯಾಲೂ ಹಕ್ಕ ಬರಸ್ಕೊಂಡಾನ ನೋಡವಾ' ಎಂದು ನಕ್ಕಳಂತೆ. ಅವ್ವ ನಗಲಿಲ್ಲ. 'ಒಡಹುಟ್ಟಿದಾಂವ ಅದಾನ, ಬಿಟ್ಟಬಿಡವಾ' ಎಂದು ನನಗೆ ಹೇಳಿಕಳಿಸಿದ್ದಾಳೆ. ನಾನು ಬಿಡುವುದಿಲ್ಲ.

ನಾನಿನ್ನೂ ಲಾ ಫಸ್ಟ್ ಇಯರ್. ಕ್ಲಾಸಿನಲ್ಲಿ ಹೆಸರು ಕರೆದರೂ ಮುಂದಿನವಳ ಬೆನ್ನಿಗೆ ಮರೆಯಾಗುತ್ತೇನೆ. ಆದರೂ ಇಷ್ಟು ಕಲಿತೆ: ರಿಜಿಸ್ಟರ್ ಆಗುವ ಮೊದಲೇ ಆ ಮಾಲು ಮಾರಾಟದಲ್ಲಿದ್ದರೆ ರಿಜಿಸ್ಟ್ರೇಶನ್ ರದ್ದು ಮಾಡಿಸಬಹುದು. ನಾನು ಮೊದಲು ಓದಿದ ಜೇವರ್ಗಿಯ ಹಾಸ್ಟೆಲ್ಲಿನಲ್ಲಿ ಗೆಳತಿಯರೆಲ್ಲ ದುಡ್ಡು ಕೊಟ್ಟು ಬಳಸಿದ್ದು ಅವ್ವನ ಪ್ಯಾಡೇ. ಯಾವ ಹುಡುಗಿ ಕೋರ್ಟಿನಲ್ಲಿ ಬಾಯಿ ಬಿಟ್ಟಾಳು ಎಂಬುದೇ ನಿಮ್ಮ ಧೈರ್ಯ.

ನಿಮ್ಮ ಚಿತ್ರ ನೋಡಿದೆ. ಚಡ್ಡಿಗೆ ಮಡಚುವ ಎರಡು ರೆಕ್ಕೆಗಳಲ್ಲಿ ಎಡಗಡೆಯದು ಅಗಲ. ಅದೇ ನಿಮ್ಮ ಹೊಸತನ ಎಂದು ಬರೆಸಿದ್ದೀರಿ. ಮಾಮಾ, ಪೋಲಿಯೊದಿಂದ ನನ್ನ ಎಡತೊಡೆ ಸಣಕಲು. ಆ ಕಡೆ ಸಂದು ಉಳಿದು ಸೋರುತ್ತಿತ್ತು. ಅದಕ್ಕೇ ಅವ್ವ ಆ ರೆಕ್ಕೆ ಅಗಲ ಮಾಡಿದಳು. ನನ್ನದು ಬೇರೆ ಎಂದು ಗೆಳತಿಯರಿಗೆ ತಿಳಿಯಬಾರದೆಂದು ಎಲ್ಲರಿಗೂ ಅದೇ ಅಚ್ಚಿನಲ್ಲಿ ಕತ್ತರಿಸಿದಳು.

ಹೋದ ವರ್ಷ ನಿಮ್ಮ ಮಗ ಮಲ್ಲಣ್ಣನಿಗೆ ನನ್ನನ್ನು ತಂದುಕೊಳ್ಳಿ ಎಂದು ಅವ್ವ ಕೇಳಿದಾಗ, ಆಳಂದದ ನಿಮ್ಮ ಅಂಗಡಿಯಲ್ಲಿ ಗಿರಾಕಿಗಳ ಎದುರೇ ನೀವು, 'ಆ ಕುಂಟಕಾಲ ತಗೊಂಡು ನಾ ಏನ್ ಮಾಡ್ಲಿ ಅಕ್ಕಾ?' ಎಂದಿರಿ. ಈಗ ಅದೇ ಕಾಲನ್ನು ನಿಮ್ಮ ಹೆಸರಿಗೆ ಮಾಡಿಸಿಕೊಂಡಿದ್ದೀರಿ.

ರದ್ದತಿ ಅರ್ಜಿ ತಯಾರಾಗಿದೆ. ಸಾಕ್ಷಿ ನಾನೇ. ನಡುಗುತ್ತಲೇ ಹೇಳುತ್ತೇನೆ; ಆದರೆ ಆಳಂದದ ಪೇಟೆಗೆಲ್ಲ ಮುಟ್ಟುವಂತೆ ಹೇಳುತ್ತೇನೆ.

ಇಂತಿ, ನೀವು ಒಲ್ಲೆನೆಂದ ಸೋದರಸೊಸೆ,
ನೀಲಗಂಗಾ

ತಾ.ಕ.: ನಮ್ಮ ಮನೆಯಲ್ಲಿ ಟವೆಲಿನ ಅಡಿ ಒಣಹಾಕಿದ್ದ ನನ್ನ ಪ್ಯಾಡನ್ನು ನಿಮಗೆ ತಂದುಕೊಟ್ಟವರು ಸುಭದ್ರಾ ಅತ್ತೆ. 'ನಿಮ್ಮ ಮಾಮಾ ತಾ ಅಂದ್ರು, ಒಯ್ದೆ. ನನ್ ಮಾರಿಗಿ ಮಸಿ ಹತ್ತಿದ್ರೂ ಹತ್ಲಿ' ಎಂದು ರವಿವಾರ ನಮ್ಮ ವಕೀಲರ ಮುಂದೆ ಹೇಳಿಕೆ ಕೊಟ್ಟು ಸಹಿ ಹಾಕಿದರು. ನಿಮಗೆ ರೊಟ್ಟಿ ಬಡಿಸುವಾಗ ಹೇಳಿರಲಿಕ್ಕಿಲ್ಲ. ನನ್ನ ಕಾಲು ಅಳೆಯಲು ನೀವೇ ಬರುತ್ತೀರೋ, ವಕೀಲರನ್ನು ಕಳಿಸುತ್ತೀರೋ? ಬೇಗ ಉತ್ತರ ಬರೆಯಿರಿ.