ಹಳದಿ ಗೆರೆಯ ಈಚೆ ನಿಂತವಳು

ಚಿರಂಜೀವಿ ತಮ್ಮನಿಗೆ,

ಅಕ್ಕನ ಆಶೀರ್ವಾದ. ನಾನು ಕ್ಷೇಮ. ನೀನೂ ಕ್ಷೇಮವಾಗಿಯೇ ಇರುತ್ತೀಯ, ಅದರಲ್ಲಿ ನನಗೆ ಅನುಮಾನವಿಲ್ಲ. ಕ್ಷೇಮವಾಗಿಲ್ಲದವಳು ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ಬಲಗೈಯನ್ನು ದಿಂಬಿನ ಮೇಲಿಟ್ಟುಕೊಂಡು ಮಲಗಿದ್ದಾಳೆ. ಅವಳ ವಿಷಯಕ್ಕೆ ಬರುತ್ತೇನೆ.

ಲಾಂಡ್ರಿಯಲ್ಲಿ ನಿನ್ನನ್ನು 'ಸರ್' ಎನ್ನುತ್ತೇನೆ, ಬಹುವಚನದಲ್ಲೇ ಮಾತಾಡುತ್ತೇನೆ. ನನಗಿಂತ ಆರು ವರ್ಷ ಚಿಕ್ಕವನು, ನನ್ನ ಸೊಂಟದ ಮೇಲೆ ಬೆಳೆದವನು ಮ್ಯಾನೇಜರಾಗಿ ಬಂದಾಗ ಹಾಗನ್ನಲು ಮೊದಲ ವಾರ ನಗು ಬರುತ್ತಿತ್ತು. ಆಮೇಲೆ ರೂಢಿಯಾಯಿತು. ಈ ಕಾಗದ ಮನೆಯಲ್ಲಿ ಕೂತು ಬರೆಯುತ್ತಿರುವುದು. ಇಲ್ಲಿ ನೀನು ಬರೀ ತಮ್ಮ, ಅದೂ ಸ್ವಲ್ಪ ಪೆದ್ದ ತಮ್ಮ.

ನಿನ್ನ ಡ್ರೈವರು ನಿನ್ನೆ ಲಕೋಟೆ ತಂದುಕೊಟ್ಟ. ಒಳಗೆ ಟೈಪು ಮಾಡಿದ ಒಂದು ಹಾಳೆ. 'ಗಾಯಗೊಂಡ ಕೆಲಸಗಾರ್ತಿಯ ಜೊತೆಗೆ ನಾನು ಇಪ್ಪತ್ತೊಂದು ದಿನ ನಿಂತು ಕೆಲಸ ಕಲಿಸಿದ್ದೇನೆ, ಅಪಾಯಗಳನ್ನು ತಿಳಿಸಿದ್ದೇನೆ, ಅವಳು ನನ್ನ ಮಾತು ಮೀರಿ ಇಸ್ತ್ರಿ ಮೆಷಿನ್ನಿನ ರೋಲರಿಗೆ ಕೈ ಕೊಟ್ಟಳು' ಎಂದಿದೆ. ಕೆಳಗೆ ನನ್ನ ಹೆಸರು, ಇಸ್ತ್ರಿ ವಿಭಾಗದ ಹಿರಿಯಳು ಎಂಬ ಬಿರುದು, ಸಹಿಗೊಂದು ಗೆರೆ. ಹಾಳೆಗೆ ಅಂಟಿಸಿದ ಚೀಟಿಯಲ್ಲಿ ನಿನ್ನ ಕೈಬರಹ: "ಅಕ್ಕಾ, ಕುಟುಂಬ ಅಂದ್ರೆ ಒಬ್ಬರ ಭಾರ ಇನ್ನೊಬ್ಬರು ಹೊರೋದು. ಒಂದು ಸಹಿ ಅಷ್ಟೆ."

ನೋಡಿದೆಯಾ, ಇಲ್ಲೂ ಒಂದು ಪಾಠ! ಒಬ್ಬ ಹೆಂಗಸಿನ ಕೈ ಹೋಗಿದೆ, ನಾಳೆ ತನಿಖೆಗೆ ಕಾರ್ಖಾನೆ ಇನ್ಸ್‌ಪೆಕ್ಟರ್ ಬರುತ್ತಾರೆ, ನೀನು ಮಾತ್ರ ಕುಟುಂಬದ ಮಹಿಮೆ ಬರೆದು ಕಳಿಸುತ್ತೀಯ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಂತೆ. ನಿನ್ನದು ಹುಟ್ಟುಗುಣವೂ ಅಲ್ಲ, ಅದೆಲ್ಲಿಂದ ಅಂಟಿಸಿಕೊಂಡು ಬಂದೆಯೋ.

ದಿನಕ್ಕೆ ನಾಲ್ಕು ಸಾವಿರ ಹಾಸಿಗೆ ಶೀಟು ಒಗೆದು ಇಸ್ತ್ರಿ ಮಾಡುವ ಜಾಗ ಅದು. ಅಲ್ಲಿ ಇಪ್ಪತ್ತೆರಡು ವರ್ಷ ನಿಂತು ನನ್ನ ಕಾಲಿನ ನರಗಳು ಗಂಟು ಕಟ್ಟಿವೆ. ನೀನು ಬಂದಮೇಲೆ ನಮಗೆ ತಿಳಿಯಿತು, ಈ ಕೆಲಸವನ್ನು ಕಲಿಯಬೇಕಾದದ್ದು ನಿನ್ನ ನಾಲ್ಕು ವರ್ಷದ ಪುಟ್ಟಿಯಿಂದ ಎಂದು. ಪ್ರತಿ ಸೋಮವಾರ ಮೆಷಿನ್ನು ಶುರುವಾಗುವ ಮೊದಲು ನಮ್ಮನ್ನೆಲ್ಲ ಊಟದ ಹಾಲಿನಲ್ಲಿ ಕೂರಿಸಿ 'ಮನೆಯಿಂದ ಕಲಿತದ್ದು' ಎಂದು ಹದಿನೈದು ನಿಮಿಷ ಕೊರೆಯುತ್ತಿದ್ದೆ. ಪುಟ್ಟಿ ತಟ್ಟೆ ಖಾಲಿ ಮಾಡಿದರೆ ನೀನು ಗೋಡೆಗೆ ನಕ್ಷತ್ರ ಅಂಟಿಸುತ್ತೀಯಂತೆ. ಆದ್ದರಿಂದ ನಮ್ಮ ಗೋಡೆಗೂ ಒಂದು ಬೋರ್ಡು ಬಂತು, ಹೆಸರುಗಳ ಮುಂದೆ ಮಿನುಗುವ ನಕ್ಷತ್ರಗಳು ಬಂದವು. ಮೊಮ್ಮಕ್ಕಳನ್ನು ಆಡಿಸುವ ಹೆಂಗಸರು ಅದರ ಮುಂದೆ ಸಾಲುಗಟ್ಟಿ ನಿಂತು ತಮ್ಮ ನಕ್ಷತ್ರ ಎಣಿಸಿದ್ದನ್ನು ನೀನು ಫೋಟೊ ಬೇರೆ ತೆಗೆದೆ.

ಇನ್ನೊಂದು ವಾರ, ಮಕ್ಕಳಿಗೆ ಎರಡೇ ಆಯ್ಕೆ ಕೊಡಬೇಕು ಎಂದೆ. ಕೆಂಪು ಫ್ರಾಕೋ ನೀಲಿ ಫ್ರಾಕೋ ಎಂದು ಕೇಳಿದರೆ ಮಗು ಬಟ್ಟೆ ಹಾಕಿಕೊಳ್ಳುವುದಿಲ್ಲ ಎಂದು ಹಟ ಮಾಡುವುದನ್ನೇ ಮರೆಯುತ್ತದಂತೆ. ಹೇಳಿ ಮುಗಿಸಿ, "ಈಗ ಹೇಳಿ, ಭಾನುವಾರ ಬರ್ತೀರಾ, ಇಲ್ಲ ಶನಿವಾರ ಎರಡು ಪಾಳಿ ಮಾಡ್ತೀರಾ?" ಎಂದು ಕೇಳಿದೆ. ಬಾಯ್ಲರ್ ನೋಡಿಕೊಳ್ಳುವ ಮುದುಕಪ್ಪ ಹಿಂದಿನ ಬೆಂಚಿನಿಂದ, "ಸಾರ್, ಮೂರನೇ ಫ್ರಾಕ್ ಇಲ್ವಾ?" ಎಂದ. ಹಾಲಿಗೆ ಹಾಲೇ ನಕ್ಕಿತು. ಆ ವಾರ ಮುದುಕಪ್ಪನಿಗೆ ನಕ್ಷತ್ರವಿಲ್ಲ.

ಇದೆಲ್ಲ ನಗುವ ವಿಷಯ, ನಕ್ಕು ಬಿಟ್ಟೆವು. ನಗಲಾರದ್ದು ಬಂದದ್ದು ನೀನು ಪುಟ್ಟಿಯ ವಿಡಿಯೊ ತೋರಿಸಿದ ಸೋಮವಾರ. ಪುಟ್ಟಿ ಮೆಟ್ಟಿಲ ಮೇಲೆ ಎಡವಿ ಬೀಳುತ್ತಾಳೆ, ಸುತ್ತ ನೋಡುತ್ತಾಳೆ, ತಾನೇ ಎದ್ದು ನಡೆಯುತ್ತಾಳೆ. "ನಾನು ಎತ್ತಲಿಲ್ಲ. ಎತ್ತಿದ್ರೆ ಅವಳ ಕಲಿಕೆ ಕದ್ದ ಹಾಗೆ ಆಗ್ತಿತ್ತು" ಎಂದೆ. ಜನ ಚಪ್ಪಾಳೆ ತಟ್ಟಿದರು. ಅವತ್ತು ನಿನ್ನ ಮನೆಯಲ್ಲಿ ನಾನೂ ಇದ್ದೆನಲ್ಲ ಮಾರಾಯ! ನಿನ್ನ ವಿಡಿಯೊ ಮಗು ಎದ್ದು ನಿಂತಲ್ಲಿಗೆ ಮುಗಿಯುತ್ತದೆ. ಎದ್ದ ಮಗು ನಡೆದುಬಂದದ್ದು ನನ್ನ ಹತ್ತಿರ. ತುಟಿ ಒಡೆದು ರಕ್ತ ಬರುತ್ತಿತ್ತು. ನನ್ನ ಸೀರೆಗೆ ಮುಖ ಒತ್ತಿಕೊಂಡು, "ಅತ್ತೇ, ಅಪ್ಪ ಫೋನ್ ನೋಡ್ತಾ ಇದ್ರು" ಎಂದು ಬಿಕ್ಕಿದಳು. ಅದನ್ನೂ ತೋರಿಸಬೇಕಿತ್ತು ನೀನು.

ವಿಡಿಯೊ ಮುಗಿದಮೇಲೆ ನಿನ್ನ ಬಾಲ್ಯದ ಕಥೆ ತೆಗೆದೆ. "ನಂಗಾಗ ಏಳು ವರ್ಷ. ಅಮ್ಮ ಕೆಲಸಕ್ಕೆ ಹೋಗ್ತಿದ್ರು. ಗ್ಯಾಸ್ ಒಲೆ ಹಚ್ಚೋದನ್ನ ನಂಗ್ಯಾರೂ ಹೇಳ್ಕೊಡಲಿಲ್ಲ. ಎಂಟು ದಿನ ಪ್ರಯತ್ನಪಟ್ಟೆ, ಎಂಟು ದಿನಾನೂ ಸೋತೆ, ಬಿಡಲಿಲ್ಲ. ಒಂಬತ್ತನೇ ದಿನ ಹತ್ತಿಕೊಳ್ತು. ಒಂದು ಸಲಾನೂ ಕೈ ಸುಟ್ಟುಕೊಳ್ಳಲಿಲ್ಲ" ಎಂದೆ. ನಾನು ಎರಡನೆಯ ಸಾಲಿನಲ್ಲಿ ಕೂತಿದ್ದೆ. ಪಕ್ಕದವಳು ಮೊಣಕೈಯಲ್ಲಿ ತಿವಿದು, "ಎಂಥಾ ತಮ್ಮ ನಿಂದು" ಎಂದಳು.

ಎಂಥಾ ತಮ್ಮ ಎಂದು ಈಗ ಹೇಳುತ್ತೇನೆ ಕೇಳು. ಆಗ ನನಗೆ ಹದಿಮೂರು. ಸ್ಕೂಲಿಗೆ ಹೊರಡುವ ಮೊದಲು ದಿನಾ ಬೆಳಿಗ್ಗೆ ಸಿಲಿಂಡರಿನ ಹತ್ತಿರ ಬಗ್ಗಿ ರೆಗ್ಯುಲೇಟರ್ ತಿರುಗಿಸಿ ಗ್ಯಾಸ್ ಬಂದ್ ಮಾಡಿ ಹೋಗುತ್ತಿದ್ದೆ. ನೀನು ನನಗಿಂತ ಮೊದಲು ಮನೆಗೆ ಬರುತ್ತೀಯ, ನಿನ್ನ ಕೈಗೆ ಬೆಂಕಿಪೆಟ್ಟಿಗೆ ಸಿಗುತ್ತದೆ ಎಂದು ನನಗೆ ಗೊತ್ತಿತ್ತು. ಒಲೆಯ ಸುತ್ತ ದಿನಾ ಹತ್ತು ಹದಿನೈದು ಗೀರಿದ ಕಡ್ಡಿಗಳು ಬಿದ್ದಿರುತ್ತಿದ್ದವು. ಎಂಟು ದಿನ ಕಡ್ಡಿ ಗುಡಿಸಿದಮೇಲೆ, ಇವನು ಬಿಡುವವನಲ್ಲ ಎಂದುಕೊಂಡು, ಒಂಬತ್ತನೆಯ ದಿನ ಬೇಗ ಬಂದು ಗ್ಯಾಸ್ ಬಿಟ್ಟೆ. ಒದ್ದೆ ಟವೆಲ್ಲು ಹಿಡಿದುಕೊಂಡು ಬಾಗಿಲ ಹಿಂದೆ ನಿಂತೆ. ಒಲೆ ಹತ್ತಿಕೊಂಡಿತು, ನೀನು ಕುಣಿದೆ. ನಾನು ಆಗಷ್ಟೇ ಬಂದವಳ ಹಾಗೆ ಒಳಗೆ ಬಂದು, "ಅಯ್ಯೋ, ನೀನೇ ಹಚ್ಚಿದ್ಯಾ!" ಎಂದೆ.

ಅಷ್ಟೇ ನಿನ್ನ ಸಾಧನೆ. ಗ್ಯಾಸೇ ಬಾರದ ಒಲೆಗೆ ಎಂಟು ದಿನ ಕಡ್ಡಿ ಗೀರಿದ ವೀರ ನೀನು. ಕೈ ಸುಟ್ಟುಕೊಳ್ಳಲಿಲ್ಲವಂತೆ! ಸುಡಲು ಅಲ್ಲಿ ಏನಿತ್ತು?

ಆ ಸೋಮವಾರವೇ ಎದ್ದು ನಿಂತು ಇದನ್ನು ಹೇಳಬೇಕಿತ್ತು. ಹೇಳಲಿಲ್ಲ. ಅಷ್ಟು ಜನರ ಮುಂದೆ ನನ್ನ ತಮ್ಮ ಮೈಕು ಹಿಡಿದು ನಿಂತಿದ್ದಾನೆ, ಶರ್ಟು ಚೆನ್ನಾಗಿ ಒಪ್ಪುತ್ತಿದೆ ಎಂದು ನೋಡಿಕೊಂಡು ಕೂತೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಎತ್ತಿ ಆಡಿಸಿದವರಿಗೂ ಅಷ್ಟೇ.

ನಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ ಮರುದಿನವೇ ಫಲ ಸಿಕ್ಕಿತು. ನಮ್ಮಲ್ಲಿ ಒಂದು ಕ್ರಮವಿತ್ತು, ನಾನು ಸೇರುವುದಕ್ಕೂ ಮೊದಲಿನದು. ರೋಲರಿಗೆ ಹೊಸಬರು ಬಂದರೆ ಇಪ್ಪತ್ತೊಂದು ದಿನ ಹಳಬರೊಬ್ಬರು ಅವರ ಹಿಂದೆ ನಿಂತು ಏಪ್ರನ್ನಿನ ಗಂಟು ಹಿಡಿದುಕೊಂಡಿರಬೇಕು. ಕೈ ಮುಂದೆ ಹೋದರೆ ಹಿಂದಕ್ಕೆ ಜಗ್ಗಬೇಕು. ಬೆನ್ನು ಹಿಡಿಯುವುದು ಅನ್ನುತ್ತೇವೆ ಅದಕ್ಕೆ. ನನ್ನ ಬೆನ್ನು ಹಿಡಿದವಳು ಹೇಳುತ್ತಿದ್ದಳು: "ಶೀಟು ಸುಕ್ಕಾದ್ರೆ ಆಗ್ಲಿ ಬಿಡು, ಇನ್ನೊಂದ್ಸಲ ಒಗೀಬಹುದು. ಕೈ ಒಗೆಯೋಕಾಗಲ್ಲ." ನೀನು ಅದನ್ನು ನಿಲ್ಲಿಸಿದೆ. ರೋಲರಿನಿಂದ ನಾಲ್ಕಡಿ ಹಿಂದೆ ನೆಲಕ್ಕೆ ಹಳದಿ ಗೆರೆ ಬಳಿಸಿ, ಹೊಸಬರು ಕಲಿಯುವಾಗ ಹಳಬರು ಅದನ್ನು ದಾಟಕೂಡದು ಎಂದೆ. ಬಿದ್ದವರು ತಾವೇ ಏಳಲಿ ಎಂದೆ. ರೋಲರು ಮೆಟ್ಟಿಲಲ್ಲವಲ್ಲ! ಅದು ನೂರೆಂಬತ್ತು ಡಿಗ್ರಿ ಕಾದ ಕಬ್ಬಿಣ, ಒಳಗೆ ಎಳೆದುಕೊಂಡದ್ದನ್ನು ತಾನಾಗಿ ಬಿಡುವುದಿಲ್ಲ.

ಹೊಸಬಳು ಬಂದಳು. ಮೂವತ್ತೆಂಟು ವರ್ಷ, ಎರಡು ಮಕ್ಕಳ ತಾಯಿ. ನಮ್ಮಲ್ಲಿ ಎಲ್ಲರೂ 'ಟೈಲರಮ್ಮ' ಎನ್ನುತ್ತಿದ್ದರು, ಯಾಕೆಂದರೆ ಹದಿನಾಲ್ಕು ವರ್ಷ ಹೊಲಿಗೆ ಮೆಷಿನ್ನಿನ ಮುಂದೆ ಕೂತವಳು. ಹೊಲಿಯುವವರ ಕೈ ಬಟ್ಟೆಯ ಜೊತೆಗೇ ಹೋಗುತ್ತದೆ ತಮ್ಮಾ. ಸೂಜಿಯ ಹತ್ತಿರದವರೆಗೂ ಬೆರಳಿನಿಂದ ಮಡಿಕೆ ಸವರಿ ಬಿಡಿಸುತ್ತಾರೆ, ಅದು ಅವರಿಗೆ ಉಸಿರಾಡಿದಷ್ಟು ಸಹಜ. ನಮ್ಮಲ್ಲಿ ಬಟ್ಟೆಯನ್ನು ದೂರದಿಂದ ಕೊಟ್ಟು ಕೈ ಬಿಡಬೇಕು. ಬೆನ್ನು ಹಿಡಿದವಳು ಯಾರಿದ್ದರೂ ಮೊದಲ ಗಂಟೆಯಲ್ಲೇ ಇದನ್ನು ಕಂಡುಹಿಡಿಯುತ್ತಿದ್ದಳು.

ನಾನು ಕಂಡುಹಿಡಿದೆ. ಅವಳು ಬಂದ ಎರಡನೆಯ ದಿನವೇ ಗೆರೆ ದಾಟಿ ಹೋಗಿ ಅವಳ ಏಪ್ರನ್ ಜಗ್ಗಿದೆ. ಗಾಜಿನ ಕೋಣೆಯಿಂದ ನೋಡಿದ ನೀನು ಇಳಿದು ಬಂದೆ. "ನೀವು ಅವರ ಕಲಿಕೆ ಕದೀತಿದ್ದೀರಿ" ಎಂದು ಎಲ್ಲರ ಮುಂದೆ ಹೇಳಿ, ಬೋರ್ಡಿನಲ್ಲಿ ನನ್ನ ಹೆಸರಿನ ಮುಂದಿದ್ದ ನಕ್ಷತ್ರವನ್ನು ಉಗುರಿನಿಂದ ಕೆರೆದು ತೆಗೆದೆ. ನನ್ನ ಮುಖ ನೋಡಲಿಲ್ಲ ನೀನು.

ಈಗ ಹೇಳುವುದನ್ನು ಸರಿಯಾಗಿ ಓದು, ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಕಳೆದ ಗುರುವಾರ ನಾನು ಗೆರೆಯ ಈಚೆ ಕೈಕಟ್ಟಿ ನಿಂತಿದ್ದೆ. ಅವಳ ಕೈ ಮುಂದೆ ಹೋದದ್ದನ್ನು ಒಂದಲ್ಲ, ಮೂರು ಸಲ ನೋಡಿದೆ. ನಾಲ್ಕೇ ಅಡಿ ದೂರ. ಕೂಗಿದರೂ ಸಾಕಿತ್ತು. ಕೂಗಲಿಲ್ಲ. ಒಂದು ಶೀಟು ಹರಿಯಲಿ, ಸುಟ್ಟು ಕರಕಲಾಗಲಿ, ಆಗ ಈ ಜ್ಞಾನಿಗೆ ಬುದ್ಧಿ ಬರುತ್ತದೆ, ಆಗ ಅಕ್ಕನ ಬಳಿ ಬಂದು ಕೇಳುತ್ತಾನೆ ಎಂದು ಕಾಯುತ್ತಿದ್ದೆ. ನಿನ್ನ ಮೇಲಿನ ಸಿಟ್ಟಿಗೆ ಅವಳ ಕೈಯನ್ನು ಪಣಕ್ಕಿಟ್ಟೆ. ನಾಲ್ಕನೆಯ ಸಲ ಅವಳ ಬೆರಳು ಶೀಟಿನ ಜೊತೆಗೇ ಒಳಗೆ ಹೋಯಿತು. ಮೆಷಿನ್ನು ನಿಲ್ಲಿಸುವ ಕೆಂಪು ಗುಂಡಿ ಒತ್ತಿದ್ದು ನಾನೇ. ಎಲ್ಲರೂ ನನ್ನನ್ನು ಹೊಗಳಿದರು, "ಅಕ್ಕ ಇಲ್ದಿದ್ರೆ ಮೊಣಕೈವರೆಗೂ ಹೋಗ್ತಿತ್ತು" ಎಂದರು. ಆ ಹೊಗಳಿಕೆ ಕೇಳಿಕೊಂಡು ಸುಮ್ಮನೆ ನಿಂತೆ. ನಿನ್ನನ್ನು ಹಳಿಯಲು ನನಗೆ ಎಷ್ಟು ಯೋಗ್ಯತೆಯಿದೆ ಎಂದು ಇದರಿಂದಲೇ ತಿಳಿದುಕೊ.

ಎರಡು ಬೆರಳು ತೆಗೆದಿದ್ದಾರೆ. ಉಳಿದವು ಮಡಚುವುದಿಲ್ಲವಂತೆ. ಅವಳು ಇನ್ನು ಸೂಜಿ ಹಿಡಿಯಲಾರಳು, ಶೀಟು ಹಿಡಿಯಲಾರಳು. ನೀನು ಕಳಿಸಿದ ಹಾಳೆಗೆ ನಾನು ಸಹಿ ಮಾಡಿದರೆ, ತಪ್ಪೂ ಅವಳದೇ ಎಂದಾಗಿ ಅವಳನ್ನು ಬರಿಗೈಯಲ್ಲಿ ಮನೆಗೆ ಕಳಿಸುತ್ತೀರಿ. ಬರಿಗೈ ಕೂಡ ಪೂರ್ತಿ ಇಲ್ಲದವಳನ್ನು.

ಸಹಿ ಮಾಡುವುದಿಲ್ಲ. ನಿನ್ನ ಹಾಳೆಯನ್ನು ಈ ಕಾಗದದ ಜೊತೆಗೆ ವಾಪಸು ಕಳಿಸುತ್ತಿದ್ದೇನೆ. ನಾನೇ ಎರಡು ಪುಟ ಬರೆದಿದ್ದೇನೆ, ನಾಳೆ ಹನ್ನೊಂದು ಗಂಟೆಗೆ ಇನ್ಸ್‌ಪೆಕ್ಟರ್ ಕೈಗೆ ಕೊಡುತ್ತೇನೆ. ಯಾರ ಆಜ್ಞೆಯಿಂದ ಗೆರೆ ಎಳೆದರು ಎಂಬುದು ಮೊದಲ ಪುಟದಲ್ಲಿದೆ. ಯಾರು ನೋಡಿಯೂ ಸುಮ್ಮನಿದ್ದರು ಎಂಬುದು ಎರಡನೆಯದರಲ್ಲಿ. ನಿನ್ನ ಕುರ್ಚಿ ಹೋಗಬಹುದು, ನನ್ನ ಕೆಲಸವಂತೂ ಹೋಗುತ್ತದೆ. ಅಕ್ಕ ತಮ್ಮ ಇಬ್ಬರೂ ಒಂದೇ ದಿನ ಮನೆ ಸೇರಿದರೆ ಕುಟುಂಬದ ಬಗ್ಗೆ ಮಾತಾಡಲು ಬೇಕಾದಷ್ಟು ಪುರುಸೊತ್ತಿರುತ್ತದೆ.

ಇವತ್ತು ಮಧ್ಯಾಹ್ನ ಅವಳನ್ನು ನೋಡಲು ಹೋಗಿದ್ದೆ. ಬರೆದದ್ದನ್ನು ಅವಳಿಗೆ ಓದಿ ಹೇಳಬೇಕೆಂದು ಹಾಳೆಗಳನ್ನು ಚೀಲದಲ್ಲಿಟ್ಟುಕೊಂಡಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಎಡಗೈಯಿಂದ ನನ್ನ ಕೈ ಹಿಡಿದುಕೊಂಡು, "ಅಕ್ಕಾ, ಆ ಮೆಷಿನ್ ನೋಡಿದ್ರೆ ನಂಗೆ ಮೊದಲಿಂದಾನೂ ಭಯ. ಹಿಂದೆ ನೀವಿದ್ರಲ್ಲ, ತಪ್ಪಾದ್ರೆ ಹೇಳ್ತೀರ ಅಂತ ಧೈರ್ಯ ಮಾಡ್ಕೊಂಡಿದ್ದೆ" ಎಂದಳು.

ಓದಿ ಹೇಳಿದೆ, ಎರಡೂ ಪುಟ. ಅವಳು ನನ್ನ ಕೈ ಬಿಟ್ಟಳು.

ಒಳ್ಳೆಯದಾಗಲಿ ಎಂದು ಹರಸಲು ಇವತ್ತು ಮನಸ್ಸು ಬರುತ್ತಿಲ್ಲ. ನಾಳೆ ಹನ್ನೊಂದಕ್ಕೆ ಆ ಕೋಣೆಯಲ್ಲಿ ನಿಜ ಹೇಳುವಷ್ಟು ಬಾಯಿ ನಿನಗೆ ಬರಲಿ, ಅಷ್ಟೇ ನನ್ನ ಆಶೀರ್ವಾದ.

ಇಂತು,
ನಿನ್ನಷ್ಟೇ ತಪ್ಪಿತಸ್ಥೆ,
ಅಕ್ಕ