ಒರೆಸಿ ಹಾಕಿದ ಮುತ್ತುಗಳು

ಜೂನ್ ೧೪, ಶುಕ್ರವಾರ

ನಾಳೆಯ ಬೋರ್ಡಿಗೆ ಒಂದೇ ಒಂದು ಸಾಲು ಬರೆಯಲು ಕೂತು ಗಂಟೆಯಾಯಿತು. ಕಣ್ಣು ಎಳೆಯುತ್ತಿದೆ.

ಎಂದಿನಂತೆ ಬೆಳಿಗ್ಗೆ ಶಾಲೆಯ ಬೋರ್ಡಿನ ಮೇಲೆ ಒಬ್ಬರಿಗೆ ಒಂದು ಕೃತಜ್ಞತೆ, ಇತಿಹಾಸದಲ್ಲಿ ಈ ದಿನ, ಒಂದು ನುಡಿಮುತ್ತು ಬರೆದಿದ್ದೆ. ಸಂಜೆ ಕಸ ಗುಡಿಸುವ ಆಯಮ್ಮ ಒರೆಸಲು ಬಂದರು. ನಾಳೆ ಅವರ ಕೆಲಸದ ಕೊನೆಯ ದಿನ.

"ಇಪ್ಪತ್ತು ವರ್ಷದಿಂದ ನಿಮ್ಮ ಮುತ್ತೆಲ್ಲ ಒರೆಸಿ ಹಾಕಿದೀನಿ ಮೇಷ್ಟ್ರೇ, ಒಂದನ್ನೂ ಮನೆಗೆ ಒಯ್ದಿಲ್ಲ!" ಎಂದು ನಕ್ಕರು.

"ನಾಳೆ ಕೃತಜ್ಞತೆ ನಿಮಗೇ. ಹೆಸರು ದೊಡ್ಡಕ್ಷರದಲ್ಲಿ," ಎಂದೆ.

"ಹಂಗಾದ್ರೆ ಅದೊಂದನ್ನ ಒರೆಸಲ್ಲ ಬಿಡಿ."

ಯಾವ ರಾಜ ಯಾವ ಇಸವಿಯಲ್ಲಿ ಪಟ್ಟವೇರಿದನೆಂದು ನಿದ್ದೆಯಲ್ಲೂ ಹೇಳುತ್ತೇನೆ. ಆಯಮ್ಮನ ಹೆಸರು ಮಾತ್ರ ಗೊತ್ತಿಲ್ಲ. ಬೆಳಿಗ್ಗೆ ಗೇಟಿನಲ್ಲೇ ನಿಂತು ಕೇಳಬೇಕು. ಇಪ್ಪತ್ತು ವರ್ಷವಾದ ಮೇಲೆ ಯಾವ ಮುಖ ಇಟ್ಟುಕೊಂಡು...