ಕೊಟ್ಟಿಗೆಯಲ್ಲಿ ನಿಂತ ಗಾಡಿಯ ಐವತ್ತೆರಡು ಕಿಲೋಮೀಟರು

ಚಿಮ್ಮಡದಲ್ಲಿ ಕೂಡಿದ ಸಮಸ್ತ ದೈವಕ್ಕೆ, ಕಟ್ಟೆಯ ಮೇಲಿನ ಹಿರಿಯರಿಗೂ ಕೆಳಗೆ ನಿಂತ ತಾಯಂದಿರಿಗೂ, ಗಾಡಿ ಮಿಸ್ತ್ರಿ ನಾಮದೇವನ ಶರಣು.

ಈ ಪತ್ರವನ್ನು ಅಜಿತ ಎದ್ದುಹೋದ ಮೇಲೆ ಓದಿರಿ.

ಅವನ ಅಣ್ಣ ಧರ್ಮರಾಜ ಸೋಮವಾರದಿಂದ ಕಾಣೆ. ಅಣ್ಣ ಬಸ್ಸಿಗೆ ಹೋದ, ಅಪ್ಪನ ಕಾಲದ ಜಾವಾ ಮೋಟರ್‌ಸೈಕಲ್ ಗಾಡಿ ಕೊಟ್ಟಿಗೆ ಬಿಟ್ಟು ಕದಲಿಲ್ಲ ಎಂದು ಅಜಿತ ನಿಮ್ಮ ಮುಂದೆ ಆಣೆ ಮಾಡಿದ. ನೀವು ನಂಬಿದಿರಿ. ಆ ಗಾಡಿಯ ಮೀಟರು ಹನ್ನೊಂದು ವರ್ಷದಿಂದ 31,408ಕ್ಕೆ ಸತ್ತು ನಿಂತದ್ದು ಊರಿಗೆಲ್ಲ ಗೊತ್ತು.

ಆದರೆ ಕೇಳಿರಿ. ಭಾನುವಾರ ಧರ್ಮರಾಜ ಗಾಡಿಯನ್ನು ನನ್ನ ಅಂಗಡಿಗೆ ತಂದಿದ್ದರು. ಮೀಟರನ್ನು ತಿರುಗಿಸುವ ಗೇರಿನ ಹಲ್ಲು ಸವೆದಿದ್ದವು. ಹಿತ್ತಾಳೆಯಲ್ಲಿ ಹೊಸದನ್ನು ಕಡೆಸಿ ಕೂಡಿಸಿದೆ. ಆಗ ಅಂಕಿ ಅದೇ 31,408 ಇತ್ತು.

"ತಮ್ಮಗ ಹೇಳಬ್ಯಾಡ್ರಿ ಮಿಸ್ತ್ರಿ. ಸೂಜಿ ಕುಣಿಯೂದ ನೋಡಿ ಹೌಹಾರ್ಲಿ ಮಗಾ" ಎಂದು ನಕ್ಕರು.

ಇಂದು ಮಧ್ಯಾಹ್ನ ಅದೇ ಗಾಡಿಯನ್ನು ಅಜಿತ ತಂದ. ಮೀಟರಿನಲ್ಲಿ 31,460. ಚಕ್ರದ ತುಂಬ ಹೊಳೆದಂಡೆಯ ಉಸುಕು.

"ಇದನ್ನ ಮಾಡಂತ ಯಾರ್ ಹೇಳಿದ್ರು ಮಾಮಾ? ಗೇರ ತಗೀರಿ. ಹಳಿ ಅಂಕಿ ಕೂಡಸ್ರಿ."

"ಎಲ್ಲಿಗಿ ಹೋಗಿದ್ದೆಪಾ?"

"ಎಲ್ಲಿಗೂ ಇಲ್ಲ."

ಹಿರಿಯರೆ, ಪೊಲೀಸರಿಗೆ ಈಗಲೇ ತಿಳಿಸಿರಿ, ಹೊಳೆದಂಡೆಯನ್ನು ಹುಡುಕಿಸಿರಿ. ಧರ್ಮರಾಜರ ಹೆಂಡತಿ ಪ್ರತಿಮಾ ವೈನಿಯವರನ್ನು ಇವತ್ತು ಆ ಮನೆಯಲ್ಲಿ ಮಲಗಗೊಡಬೇಡಿರಿ. ಕಾರಣ ಕೇಳಿದರೆ ನಮ್ಮ ಮನೆಯಲ್ಲಿ ಹೋಳಿಗೆ ಊಟವಿದೆ ಎನ್ನಿರಿ.

ನಾಳೆ ಬೆಳಿಗ್ಗೆ ಏಳಕ್ಕೆ ಅವನು ಗಾಡಿ ಒಯ್ಯಲು ಬರುತ್ತಾನೆ. ನಾನು ಒಂದು ಅಂಕಿಯನ್ನೂ ಮುಟ್ಟದೆ ಅಂಗಡಿಯ ಬಾಗಿಲು ತೆರೆದು, ಗಾಡಿಗೆ ಅಡ್ಡವಾಗಿ ನಿಂತಿರುತ್ತೇನೆ.

ನಿಮ್ಮವ,
ನಾಮದೇವ ಮಿಸ್ತ್ರಿ